ಮೈಕಿನ ಬೆನ್ನು

ಆಲ್ಬಮ್ಮಿನ ಹಿಂಬದಿ ರಟ್ಟಿನಲ್ಲಿ ಅವಳ ಪಾಲಿಗೆ ಬಂದದ್ದು ಚಹಾದ ಸಾಲು. ‘ಧ್ವನಿಮುದ್ರಣ’ ಅನ್ನುವುದರ ಎದುರು ಗಂಡನ ಹೆಸರು, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಗಿಟಾರು ಒರೆಸುವ ಬಟ್ಟೆ ಕೊಟ್ಟವರಿಗೆ, ಫೋಟೋ ತೆಗೆದವರಿಗೆ ವಂದನೆಗಳು. ಎಲ್ಲಕ್ಕಿಂತ ಕೊನೆಗೆ, ಇರುವೆ ಗಾತ್ರದ ಅಕ್ಷರದಲ್ಲಿ: ‘ಹೊತ್ತುಹೊತ್ತಿಗೆ ಚಹಾ ಮಾಡಿಕೊಟ್ಟ ಮನೆಯವರಿಗೆ ವಿಶೇಷ ಧನ್ಯವಾದ.’

ಮುದ್ರಣಾಲಯದವರು ಒಮ್ಮೆ ನೋಡಿಬಿಡಿ ಎಂದು ಕಳಿಸಿದ್ದ ಮಾದರಿ ಹಾಳೆ ಅದು. ಅವಳು ಮೂರು ಸಲ ಓದಿದಳು. ಮೂರನೇ ಸಲ ಓದುವಾಗ ಕಿವಿ ಬಿಸಿಯಾಗಿತ್ತು. ಹಾಳೆ ಹಿಡಿದುಕೊಂಡು ಬಚ್ಚಲುಮನೆಯ ಬಾಗಿಲಿಗೆ ಹೋದಳು. ಗಂಡ ಗಲ್ಲಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ.

“ಏನ್ರೀ ಇದು?”

“ಯಾವ್ದು? ಓ, ಅದಾ. ಚೆನ್ನಾಗಿ ಬಂದಿದೆ ಅಲ್ವಾ? ಅಕ್ಷರ ಸ್ವಲ್ಪ ದಪ್ಪ ಮಾಡ್ಸಿದೆ.”

“ಈ ಸಲ ನನ್ನ ಹೆಸರು ಹಾಕಿಸ್ತೀನಿ ಅಂದಿದ್ರಿ.”

“ಅಂದಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಜನ ನನ್ನ ಮುಖ ನೋಡ್ಕೊಂಡು ಬರ್ತಾರೆ. ಇದ್ದಕ್ಕಿದ್ದ ಹಾಗೆ ಬೇರೆ ಹೆಸರು ಕಂಡ್ರೆ ಗೊಂದಲ ಆಗುತ್ತೆ. ಅಷ್ಟಕ್ಕೂ ನಿನ್ನ ಹೆಸರು ಬೇರೆ, ನನ್ನ ಹೆಸರು ಬೇರೆ ಅಂತ ಇದ್ಯಾ?”

“ಇಲ್ಲ ಅಂದ್ಮೇಲೆ ನನ್ನದನ್ನೇ ಹಾಕಿಸ್ಬಹುದಿತ್ತಲ್ಲ.”

ಅವನು ಗಡ್ಡ ಬೋಳಿಸದೆಯೇ ನೊರೆ ಸಮೇತ ಮುಖ ತೊಳೆದುಕೊಂಡ.

ಮದುವೆಗೆ ಮುಂಚೆ ಅವಳು ಆರು ವರ್ಷ ರೇಡಿಯೋ ಕೇಂದ್ರದಲ್ಲಿ ರೆಕಾರ್ಡಿಂಗ್ ಕೆಲಸ ಮಾಡಿದವಳು. ಕೋಣೆಯಲ್ಲಿ ಫ್ಯಾನಿನ ರೆಕ್ಕೆ ಸ್ವಲ್ಪ ಓಲಿದರೂ ಕಣ್ಣು ಮುಚ್ಚಿ ಹೇಳುವ ಕಿವಿ. ಗಂಡನದು ವಾದ್ಯ ಮಾರುವ ಅಂಗಡಿಯಲ್ಲಿ ಪಳಗಿದ ನಾಲಗೆ. ಮಾತಿನಲ್ಲೇ ಮಂಟಪ ಕಟ್ಟುವವನು. ಮನೆಯಲ್ಲೇ ಸ್ಟುಡಿಯೋ ಮಾಡೋಣ ಎಂದದ್ದು ಅವನು; ಮಾಡಿದ್ದು ಅವಳು. ಅವನಿಲ್ಲದಿದ್ದರೆ ಈ ಗಲ್ಲಿಗೆ ಗಿಟಾರು ಹೊತ್ತುಕೊಂಡು ಯಾರೂ ಬರುತ್ತಿರಲಿಲ್ಲ, ಅದನ್ನು ಅವಳೂ ಒಪ್ಪುತ್ತಾಳೆ. ಆದರೆ ಏಳು ವರ್ಷದಲ್ಲಿ ಊರಿಗೆಲ್ಲ ಅವನು ‘ಸೌಂಡ್ ಸರ್’ ಆದ, ಅವಳು ‘ಸೌಂಡ್ ಸರ್ ಮನೆಯವರು’ ಆದಳು. ಕೈ ಕೆಸರಾದದ್ದು ಇವಳದು, ಬಾಯಿ ಮೊಸರಾದದ್ದು ಅವನದು.

ಕೆಸರು ಅಂದರೆ ಉಪಮೆಯಲ್ಲ. ಮೆಟ್ಟಿಲ ಕೆಳಗೆ ಹಳೇ ಪಾತ್ರೆ, ಮುರಿದ ಕೊಡೆ ತುಂಬಿದ್ದ ಗೂಡೊಂದಿತ್ತು. ಅದನ್ನು ಅವಳೇ ಖಾಲಿ ಮಾಡಿ, ಗಾರೆ ಕಲಸಿ ಸಂದು ಮುಚ್ಚಿ, ಒಂದರ ಹಿಂದೆ ಒಂದು ಎರಡು ಬಾಗಿಲು ಕೂರಿಸಿ, ಬಾಗಿಲಂಚಿಗೆ ರಬ್ಬರ್ ಪಟ್ಟಿ ಅಂಟಿಸಿದ್ದಳು. ಗೋಡೆಗೂ ಬಾಗಿಲ ಒಳಮೈಗೂ ಅತ್ತೆಯ ಹಳೇ ಹತ್ತಿ ಹಾಸಿಗೆಗಳು. ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಡಬ್ಬಿ, ಅಂದರೆ ಆಂಪು, ಕೂರುವುದು ಆ ಗೂಡಿನಲ್ಲಿ. ಅದು ನೆಲಕ್ಕೆ ತಾಗಿದರೆ ನಡುಕ ಇಡೀ ಮನೆಗೆ ಹತ್ತುತ್ತದೆಂದು ಹಲಗೆಯ ಕೆಳಗೆ ಎಂಟು ಟೆನಿಸ್ ಚೆಂಡು ಅರ್ಧ ಅರ್ಧ ಕತ್ತರಿಸಿ ಇಟ್ಟಿದ್ದಳು. ಹಳೆಯ ಕಾಲದ ಆಂಪುಗಳನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿದರೇ ಗಂಟಲು ಬಿಡುವುದು. ಹಾಗೆ ತಿರುಗಿಸಿದರೆ ಪಕ್ಕದ ಮನೆಯ ನರ್ಸಮ್ಮ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವಳು, ಗೋಡೆ ಗುದ್ದುತ್ತಿದ್ದಳು. ಗೂಡು ಮುಗಿದ ಮೇಲೆ ಒಂದು ದಿನವೂ ಗುದ್ದಿಲ್ಲ.

ಗೂಡಿನೊಳಗೆ ಮೈಕು ಇಡುವುದೇ ದೊಡ್ಡ ಕೆಲಸ. ಆಂಪಿನ ಬಟ್ಟೆಯ ಹಿಂದೆ ಕಾಗದದ ಶಂಕುವೊಂದು ಇರುತ್ತದೆ. ಅದರ ನಟ್ಟನಡುವೆ ಮೈಕು ಹಿಡಿದರೆ ಸದ್ದು ಸೂಜಿಯಂತೆ ಚುಚ್ಚುತ್ತದೆ, ಅಂಚಿಗೆ ಹಿಡಿದರೆ ಮಂಕಾಗುತ್ತದೆ. ಎರಡರ ನಡುವೆ ಎಲ್ಲೋ ಒಂದು ಬೆರಳಗಲದ ಜಾಗದಲ್ಲಿ ಆ ಆಂಪಿನ ನಿಜವಾದ ದನಿ ಇರುತ್ತದೆ. ಅದನ್ನು ಹುಡುಕಲು ಅತ್ತೆ ಸೊಸೆ ಇಬ್ಬರೂ ಬೇಕು. ಸೊಸೆ ಆಚೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾಳೆ. ಅತ್ತೆ ಕಾರ್ಖಾನೆಯವರ ಕಿವಿಮುಚ್ಚುಗ ಏರಿಸಿಕೊಂಡು, ಮಣೆಯ ಮೇಲೆ ಕೂತು, ಗೂಡಿನೊಳಗೆ ಮೈಕಿನ ಕಂಬ ಹಿಡಿದಿರುತ್ತಾಳೆ. ಒಳಗೆ ಆಂಪು ಅರಚುವಾಗ ಕೂಗಿದರೆ ಕೇಳುವುದಿಲ್ಲವಲ್ಲ, ಅದಕ್ಕೆ ವೈರು ಹಾಯುವ ತೂತಿನಲ್ಲಿ ಒಂದು ದಾರ. ಅದರ ಒಂದು ತುದಿ ಅತ್ತೆಯ ಮಣಿಕಟ್ಟಿಗೆ, ಇನ್ನೊಂದು ತುದಿ ಸೊಸೆಯ ಕೈಗೆ. ಒಂದು ಜಗ್ಗಿದರೆ ಎಡಕ್ಕೆ, ಎರಡು ಜಗ್ಗಿದರೆ ಬಲಕ್ಕೆ, ಮೂರು ಜಗ್ಗಿದರೆ ನಿಲ್ಲು. ಸಿಕ್ಕಿದ ಜಾಗಕ್ಕೆ ಸೀಮೆಸುಣ್ಣದ ಗುರುತು.

ಅವರ ಮೈಕು ಹಾಡುಗಾರರು ಕೈಯಲ್ಲಿ ಹಿಡಿಯುವಂಥದಲ್ಲ. ದಪ್ಪಗೆ, ಉದ್ದಕ್ಕೆ, ಜಾಲರಿ ಟೋಪಿಯ ಮೈಕು. ಅದು ತುದಿಯಿಂದ ಕೇಳುವುದಿಲ್ಲ, ಪಕ್ಕದಿಂದ ಕೇಳುತ್ತದೆ. ಅದೂ ಒಂದೇ ಪಕ್ಕದಿಂದ. ಕಂಪನಿಯ ಬಿಲ್ಲೆ ಇರುವ ಕಡೆ ಅದರ ಮುಖ. ಹಿಂದೆ ನಿಂತು ಡೋಲು ಬಡಿದರೂ ಅದಕ್ಕೆ ಅರ್ಧಂಬರ್ಧ. ಆದ್ದರಿಂದ ಬಿಲ್ಲೆ ಯಾವತ್ತೂ ಆಂಪಿನ ಕಡೆ. ಅಕ್ಷರ ಬಾರದ ಅತ್ತೆಗೂ ಇದು ಮೊದಲ ದಿನದಲ್ಲೇ ತಲೆಗೆ ಹತ್ತಿತ್ತು.

ಅವತ್ತು ಹನ್ನೊಂದಕ್ಕೆ ಮೇಷ್ಟ್ರು ಬರುವವರಿದ್ದರು. ಶಾಲೆಗಳಲ್ಲಿ ನಲವತ್ತು ವರ್ಷ ಗಿಟಾರು ಕಲಿಸಿ ನಿವೃತ್ತರಾದವರು, ಈಗ ಮೊದಲ ಸಲ ತಮ್ಮದೇ ಆಲ್ಬಮ್ ಮಾಡುತ್ತಿದ್ದರು. ಹತ್ತು ರಚನೆ ಮುಗಿದಿತ್ತು, ಇದು ಹನ್ನೊಂದನೆಯದು, ಕೊನೆಯದು. ಮೇಷ್ಟ್ರ ಎಡಗೈ ಉಂಗುರಬೆರಳಿನ ಗಂಟು ಊದಿಕೊಂಡಿತ್ತು. ಈ ರಚನೆಯನ್ನು ದಿನಕ್ಕೆ ಮೂರು ಸಲ ನುಡಿಸಿದರೆ ಹೆಚ್ಚು, ಆಮೇಲೆ ಬೆರಳು ಮಡಚುವುದಿಲ್ಲ. ಮುಂದಿನ ವಾರ ಆಪರೇಷನ್. ಅದಾದ ಮೇಲೆ ತಂತಿ ಹಿಡಿಯಲು ಬರುತ್ತದೋ ಇಲ್ಲವೋ ಡಾಕ್ಟರೂ ಹೇಳಿರಲಿಲ್ಲ.

ಸೊಸೆ ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗೂಡಿಗೆ ಹೋದಳು. ಸಿಟ್ಟು ನೆತ್ತಿಗೇರಿದ್ದರೂ ಕೆಲಸ ಕೆಡಿಸುವ ಪೈಕಿ ಅವಳಲ್ಲ. ಹಿಂದಿನ ದಿನ ಮೇಷ್ಟ್ರು ನುಡಿಸಿಟ್ಟಿದ್ದ ನಾಲ್ಕು ಸಾಲನ್ನು, ಗೂಡಿನಲ್ಲಿಟ್ಟಿದ್ದ ಅವರದೇ ಹಳೇ ಆಂಪಿಗೆ ಮತ್ತೆ ಮತ್ತೆ ಕಳಿಸಿ, ಅತ್ತೆಯೊಂದಿಗೆ ಮುಕ್ಕಾಲು ಗಂಟೆ ದಾರ ಜಗ್ಗಾಡಿ ಜಾಗ ಹಿಡಿದಳು.

“ಇವತ್ತು ಬಾಳ ಜೋರಾಗಿ ಎಳೀತಿದ್ದೀಯಲ್ಲೇ,” ಅತ್ತೆ ಮಣಿಕಟ್ಟು ತಿಕ್ಕಿಕೊಂಡಳು. “ನಾನೇನು ಬಾವಿ ಕೊಡವಾ?”

“ಹಿಂಬದಿ ರಟ್ಟಿನಲ್ಲಿ ನನ್ನ ಹೆಸರಿಲ್ಲ ಅತ್ತೆ. ಚಹಾ ಮಾಡೋಳು ಅಂತ ಹಾಕಿಸಿದ್ದಾರೆ.”

ಅತ್ತೆ ಕಿವಿಮುಚ್ಚುಗ ತೆಗೆದು ಮೊಳೆಗೆ ತೂಗುಹಾಕಿದಳು. ಮಗನ ಮಾತು ಬಂದಾಗ ಅವಳ ಬಾಯಿಗೆ ಬೀಗ ಬೀಳುವುದು ಹೊಸದೇನಲ್ಲ. “ಹೋಗ್ಲಿ ಬಿಡು, ತುಂಬಿದ ಕೊಡ ತುಳುಕಲ್ಲ,” ಎಂದಳು.

ಈ ಗಾದೆ ಕಟ್ಟಿದವರು ಏಳು ವರ್ಷ ತುಂಬಿದ ಕೊಡ ಹೊತ್ತವರಲ್ಲ ಎಂದುಕೊಂಡು ಅವಳು ಸ್ನಾನಕ್ಕೆ ಹೋದಳು.

ಮೇಷ್ಟ್ರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಯಾವಾಗಿನಂತೆ ಹಾಲಿನ ನಡುವೆ ಕುರ್ಚಿ, ಮೂಲೆಯ ಮಣೆಯ ಮೇಲೆ ಅತ್ತೆ. ಅವರ ಗಿಟಾರಿನ ವೈರು ಗೋಡೆಯಂಚಿಗೆ ಸಾಗಿ ಗೂಡಿನೊಳಗೆ. ಗೂಡಿನ ಮೈಕಿನ ವೈರು ಪಕ್ಕದ ಸಣ್ಣ ಕೋಣೆಗೆ, ಅವಳ ಮೇಜಿಗೆ. ಅವಳು ಬಾಗಿಲ ಹಿಂದೆ. ಮೇಜಿನ ಗುಂಡಿ ಒತ್ತಿ ಮೇಷ್ಟ್ರ ಹೆಡ್‌ಫೋನಿಗೆ ಮಾತು ಕಳಿಸುವವನು ಗಂಡ: “ರೆಡಿ ಮೇಷ್ಟ್ರೇ, ನಿಮ್ಮ ಟೈಮು.” ಇಷ್ಟಕ್ಕೇ ಅವನು ಸೌಂಡ್ ಸರ್.

ಮೇಷ್ಟ್ರು ಶುರು ಮಾಡಿದರು. ಎರಡು ತಂತಿ ಮಿಡಿಯುವಷ್ಟರಲ್ಲಿ ಅವಳ ಬೆನ್ನು ನೆಟ್ಟಗಾಯಿತು. ಇದು ಬೆಳಿಗ್ಗೆ ಹಿಡಿದ ದನಿಯಲ್ಲ. ಯಾರೋ ಮುಸುಕು ಹೊದ್ದು ಮಾತಾಡಿದ ಹಾಗಿದೆ. ಆಂಪು ಸರಿಯಿದೆ, ವೈರು ಸರಿಯಿದೆ, ಮೈಕು ಕೇಳುತ್ತಿದೆ, ಆದರೆ ಹಾಸಿಗೆಯನ್ನು ಕೇಳುತ್ತಿದೆ. ಮೈಕು ಬೆನ್ನು ತಿರುಗಿಸಿದೆ! ಬೆಳಿಗ್ಗೆ ಅವಳ ಕೈಯಾರೆ ಬಿಗಿ ಮಾಡಿದ್ದು ತಾನೇ ತಾನಾಗಿ ತಿರುಗುವುದು ಹೇಗೆ?

ಉತ್ತರ ಅವಳ ಫೋನಿನಲ್ಲಿತ್ತು. ಅವಳು ಸ್ನಾನಕ್ಕೆ ಹೋದಾಗ ಗಂಡ ಫೋನನ್ನು ಬಾಗಿಲಲ್ಲಿ ನಿಲ್ಲಿಸಿ, ಗೂಡಿನಲ್ಲಿ ಕೂತು ತನ್ನ ಫೋಟೋ ತಾನೇ ತೆಗೆದುಕೊಂಡು, ಸ್ಟುಡಿಯೋದ ಪುಟದಲ್ಲಿ ಹಾಕಿದ್ದ. ಒಂದು ಕೈ ಆಂಪಿನ ಮೇಲೆ, ಇನ್ನೊಂದು ಕೈ ಗಲ್ಲದ ಮೇಲೆ, ಹುಬ್ಬು ಗಂಟು. ‘ಒಂದು ಒಳ್ಳೆಯ ದನಿಯ ಹಿಂದೆ ಎಷ್ಟು ತಪಸ್ಸು!’ ಎಂದು ಮೇಲೆ ಬರೆದಿತ್ತು. ನಡುವೆ ಅವರ ದಪ್ಪ ಮೈಕು, ಬಿಲ್ಲೆ ಥಳಥಳಿಸುತ್ತ ನೇರ ಕ್ಯಾಮೆರಾ ಕಡೆಗೆ. ದುಬಾರಿ ಮೈಕು ಅಂತ ಜನಕ್ಕೆ ಕಾಣಬೇಕಲ್ಲ, ತಿರುಗಿಸಿದ್ದಾನೆ. ಮತ್ತೆ ಹಾಗೆಯೇ ಬಿಟ್ಟು ಬಂದಿದ್ದಾನೆ, ತಿರುಗಿಸಿದರೆ ಏನಾಗುತ್ತದೆಂದು ಗೊತ್ತಿದ್ದರೆ ತಾನೇ.

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಫೋನನ್ನು ಮಗುಚಿ ಮೇಜಿನ ಮೇಲೆ ಕುಕ್ಕಿದಳು.

ಮೇಷ್ಟ್ರು ನುಡಿಸಿ ಮುಗಿಸಿ, ಕೇಳಿಸಿಕೊಂಡು, ಮುಖ ಗಂಟಿಕ್ಕಿದರು. “ಯಾಕೋ ಮಂಕಾಗಿದೆಯಲ್ಲಪ್ಪ. ಹಿಂದಿನ ಹತ್ತರ ಹಾಗಿಲ್ಲ.”

ಗಂಡ ಸಣ್ಣ ಕೋಣೆಗೆ ತಲೆ ಹಾಕಿದ. “ಏ, ಏನಾಯ್ತು ನೋಡೇ.”

“ಮೈಕು ನೋಡ್ಬೇಕು,” ಎಂದಳು ಅವಳು, ಮೇಜಿನಿಂದ ಕಣ್ಣೆತ್ತದೆ. “ಇಟ್ಟವರು ನೀವೇ ಅಲ್ವಾ, ತಪಸ್ಸು ಮಾಡಿ. ನೀವೇ ಹೋಗಿ ಸರಿಮಾಡಿ.”

ಅವನಿಗೆ ಚುಚ್ಚಿದ್ದು ತಿಳಿಯಿತೋ ಇಲ್ಲವೋ, ಗೂಡಿಗೆ ಹೋದ. ಮೈಕಿನ ಕಂಬ ಒಂದು ಗೇಣು ಮೇಲೆತ್ತಿದ. ಸಾಲದೆಂದು ಆಂಪಿನ ಸದ್ದು ಏರಿಸಿದ. ಹಾಸಿಗೆಯೊಂದನ್ನು ಕಿತ್ತು ಹಾಲಿಗೆ ಎಳೆದು ತಂದ. ತಿರುಗಿಸಬೇಕಾದ ಒಂದನ್ನು ಬಿಟ್ಟು ಗೂಡಿನಲ್ಲಿದ್ದ ಎಲ್ಲವನ್ನೂ ತಿರುಗಿಸಿದ. ಹೊರಬಂದು, “ಆಂಪು ಹಳೇದಾಯ್ತು ಮೇಷ್ಟ್ರೇ, ಅದರದ್ದೇ ತೊಂದ್ರೆ,” ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೂವತ್ತು ವರ್ಷದಿಂದ ಆ ಆಂಪನ್ನು ಮಗುವಿನ ಹಾಗೆ ನೋಡಿಕೊಂಡಿದ್ದ ಮೇಷ್ಟ್ರು ಒಂದು ಮಾತಾಡದೆ ಎರಡನೇ ಸಲ ನುಡಿಸಿದರು.

ಅರ್ಧಕ್ಕೆ ಬರುವಷ್ಟರಲ್ಲಿ ಪಕ್ಕದ ಗೋಡೆ ಧಡ್ ಧಡ್ ಎಂದಿತು. ನರ್ಸಮ್ಮ. ಮೇಷ್ಟ್ರು ನಿಲ್ಲಿಸಿದರು. ಬಾಗಿಲ ಸಂದಿನಿಂದ ಸೊಸೆಗೆ ಕಂಡದ್ದು ಅವರ ಎಡಗೈ. ಉಂಗುರಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿಕೊಳ್ಳುತ್ತಿದ್ದರು, ನೋವು ಯಾರಿಗೂ ಕಾಣಬಾರದೆಂಬಂತೆ ಗಿಟಾರಿನ ಹಿಂದೆ ಬಚ್ಚಿಟ್ಟು.

ಅವಳಿಗೆ ನಾಚಿಕೆಯಾಯಿತು. ಸಿಟ್ಟು ಯಾರ ಮೇಲೆ, ಬರೆ ಬೀಳುತ್ತಿರುವುದು ಯಾರಿಗೆ? ದಡಕ್ಕನೆ ಎದ್ದು ಹೋಗಿ ಹಾಸಿಗೆ ಒಳಗೆ ದೂಡಿದಳು, ಆಂಪಿನ ಸದ್ದು ಇಳಿಸಿದಳು, ಮೈಕನ್ನು ಸೀಮೆಸುಣ್ಣದ ಗುರುತಿಗೆ ತಂದು ಒಂದೇ ಸಲ ಮಣಿಕಟ್ಟು ಹೊರಳಿಸಿ ಬಿಲ್ಲೆಯನ್ನು ಆಂಪಿನ ಕಡೆ ತಿರುಗಿಸಿದಳು. ಎರಡು ಬಾಗಿಲೂ ಹಾಕಿ ಹೊರಬಂದು, “ಮೇಷ್ಟ್ರೇ, ನಾಲ್ಕೇ ನಾಲ್ಕು ಸ್ವರ. ಸುಮ್ನೆ ಮಿಡೀರಿ,” ಎಂದಳು.

ಮೇಷ್ಟ್ರು ಮಿಡಿದರು. ಹೆಡ್‌ಫೋನಿನೊಳಗೆ ಮುಚ್ಚಿದ್ದ ಕಿಟಕಿ ತೆಗೆದ ಹಾಗಾಯಿತು. “ಹಾಂ!” ಎಂದರು, “ಇದಪ್ಪ ನನ್ನ ಆಂಪು!”

ಗಂಡ ಆಗಲೇ ಮೇಷ್ಟ್ರ ಪಕ್ಕ ಬಂದು ನಿಂತಿದ್ದ. “ಸಣ್ಣ ಅಡ್ಜಸ್ಟ್‌ಮೆಂಟು ಮೇಷ್ಟ್ರೇ. ನಾನೇ ಇವಳಿಗೆ ಹೇಳ್ಕೊಟ್ಟೆ, ಹೀಗೆ ಮಾಡು ಅಂತ. ಹೋಗೇ, ಮೇಷ್ಟ್ರಿಗೆ ಒಂದು ಚಹಾ ತಾ.”

ಅವಳು ಹೋದಳು. ಅಡುಗೆಮನೆಗಲ್ಲ, ಗೂಡಿಗೆ. ಎರಡೂ ಬಾಗಿಲು ತೆಗೆದು, ಮೈಕನ್ನು ಅವನು ಇಟ್ಟಿದ್ದ ಹಾಗೆಯೇ ತಿರುಗಿಸಿ, ಬಿಲ್ಲೆ ಬಾಗಿಲ ಕಡೆ ಮಾಡಿ, ಮತ್ತೆ ಬಾಗಿಲು ಹಾಕಿಕೊಂಡು ಬಂದಳು. ಸೊಂಟದಲ್ಲಿದ್ದ ಹಾಳೆ ಬಿಡಿಸಿ ಮೇಷ್ಟ್ರ ಮುಂದಿನ ಮೇಜಿನ ಮೇಲಿಟ್ಟಳು.

“ಚಹಾ ಆಮೇಲೆ ಮೇಷ್ಟ್ರೇ. ಮೈಕನ್ನ ಇವ್ರು ಇಟ್ಟಿದ್ದ ಹಾಗೇ ಇಟ್ಟು ಬಂದಿದ್ದೀನಿ. ರಟ್ಟಿನ ಮೇಲೆ ಇರೋದು ಇವ್ರ ಹೆಸರು, ಒಳಗಿನ ಸದ್ದೂ ಇವ್ರದ್ದೇ ಇರ್ಲಿ.”

ಗಂಡ ನಕ್ಕ. ಯಾರೂ ಜೊತೆಗೆ ನಗಲಿಲ್ಲ. “ಏನೇ ತಮಾಷೆ ಇದು, ಹೊರಗಿನವರ ಮುಂದೆ...”

“ತಮಾಷೆ ಅಲ್ಲ ರೀ. ಹೋಗಿ ಸರಿಮಾಡಿ. ಹೇಳ್ಕೊಟ್ಟವರಲ್ವಾ ನೀವು, ಒಂದು ನಿಮಿಷದ ಕೆಲ್ಸ. ಮೇಷ್ಟ್ರ ಬೆರಳಲ್ಲಿ ಇನ್ನೊಂದೇ ಸಲ ಉಳಿದಿದೆ.”

ಅವನು ಹೋಗಲೇಬೇಕಾಯಿತು. ಒಳಗೆ ಕಂಬ ಎಳೆದ ಸದ್ದು, ಬಿಟ್ಟ ಸದ್ದು. ಹೊರಬಂದ. ಮೇಷ್ಟ್ರು ಒಂದು ತಂತಿ ಮಿಡಿದು ಅಡ್ಡಡ್ಡ ತಲೆಯಾಡಿಸಿದರು. ಮತ್ತೆ ಹೋದ. ಮತ್ತೆ ಬಂದ. ಹಣೆಯಲ್ಲಿ ಬೆವರು. ಮೂರನೇ ಸಲ ಹೋಗಲು ತಿರುಗಿದಾಗ ಮೂಲೆಯ ಮಣೆಯಿಂದ ಅತ್ತೆಯ ದನಿ ಬಂತು.

“ಬಿಲ್ಲೆ ಕಣೋ! ಬಿಲ್ಲೆ ಡಬ್ಬಿ ಕಡೆ ಇರ್ಬೇಕು. ಅಕ್ಷರ ಗೊತ್ತಿಲ್ಲದ ನನಗೆ ಗೊತ್ತು, ನಿನಗೆ ಗೊತ್ತಿಲ್ವಲ್ಲೋ!”

ಮೇಷ್ಟ್ರು ಗಿಟಾರನ್ನು ತೊಡೆಯಿಂದ ಇಳಿಸಿದರು. “ಹಿಂದಿನ ಹತ್ತಕ್ಕೆ ಮೈಕು ಇಟ್ಟಿದ್ದು ಯಾರು?”

ಅತ್ತೆ ಬಲಗೈ ಎತ್ತಿ ತೋರಿಸಿದಳು. ಮಣಿಕಟ್ಟಿನಲ್ಲಿ ದಾರ ಒತ್ತಿದ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ. “ಅವಳು ಕೇಳ್ತಾಳೆ, ದಾರ ಎಳೀತಾಳೆ. ನಾನು ಸರಿಸ್ತೀನಿ. ಇವನು ಆ ಹೊತ್ತಿಗೆ ಎದ್ದೇ ಇರಲ್ಲ.”

“ನನಗೆ ಮೊದಲಿಂದ ಒಂದು ಅನುಮಾನ ಇತ್ತು ತಾಯಿ,” ಎಂದರು ಮೇಷ್ಟ್ರು.

ಸಮಾಧಾನ ಹೇಳುವ ದನಿ ಅದು. ಅವಳಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಉರಿಯಿತು. “ಇತ್ತಲ್ಲ ಮೇಷ್ಟ್ರೇ. ಇದ್ದಿದ್ರೆ ಕೇಳ್ಬೇಕಿತ್ತು. ನೀವು ಕೇಳ್ಲಿಲ್ಲ. ಅತ್ತೆಗೆ ಗೊತ್ತಿತ್ತು, ಏಳು ವರ್ಷ ಹೇಳ್ಲಿಲ್ಲ. ನನಗೂ ಬಾಯಿತ್ತು, ನಾನೂ ಸುಮ್ನಿದ್ದೆ.” ಅವರ ಎಡಗೈ ನೋಡಿ, “ಇನ್ನೊಂದು. ಮೊದಲ್ನೇ ಸಲ ನೀವು ನುಡಿಸೋವಾಗ್ಲೇ ನನಗೆ ತಪ್ಪು ಎಲ್ಲಿದೆ ಅಂತ ಗೊತ್ತಿತ್ತು. ಇವ್ರ ಮೇಲಿನ ಹಟಕ್ಕೆ ನಿಮ್ಮ ಬೆರಳು ನೋಯಿಸ್ದೆ. ಅದು ಮಾತ್ರ ನನ್ನ ತಪ್ಪು.”

ಮೇಷ್ಟ್ರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಜೇಬಿನಿಂದ ಪೆನ್ನು ತೆಗೆದು ‘ಧ್ವನಿಮುದ್ರಣ’ದ ಎದುರಿನ ದಪ್ಪ ಅಕ್ಷರಗಳ ಮೇಲೆ ಗೆರೆ ಎಳೆದರು. “ನಿಮ್ಮ ಹೆಸರೇನು ತಾಯಿ?” ಎಂದರು. ಹತ್ತು ದಿನ ಈ ಮನೆಗೆ ಬಂದು ಹೋಗಿದ್ದರೂ ಅವರಿಗೆ ಅದು ಗೊತ್ತಿರಲಿಲ್ಲ.

ಅವಳು ಹೇಳಿದಳು. ತಪ್ಪಾಗದಿರಲೆಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

“ಮತ್ತೆ ಈ ಚಹಾದ ಸಾಲು? ಹೊಡೆದು ಹಾಕ್ಲಾ?”

“ಬೇಡ, ಇರ್ಲಿ. ಅಲ್ಲಿ ಇವ್ರ ಹೆಸರು ಹಾಕಿ. ಇವತ್ತು ಇವ್ರೇ ಮಾಡ್ತಾರೆ.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡ ಅಮ್ಮನ ಮುಖ ನೋಡಿದ, ಮೇಷ್ಟ್ರ ಮುಖ ನೋಡಿದ. ಎಲ್ಲೂ ಆಸರೆ ಸಿಗದೆ ಅಡುಗೆಮನೆಗೆ ಹೋದ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಎರಡು ಸಲ ಕೇಳಿದ.

ಅತ್ತೆ ಗೂಡಿಗೆ ಹೋಗಿ ಕಿವಿಮುಚ್ಚುಗ ಏರಿಸಿ ಕೈಗೆ ದಾರ ಸುತ್ತಿಕೊಂಡಳು. ಮೇಷ್ಟ್ರ ಬಲಗೈಗೆ ನೋವಿರಲಿಲ್ಲ. ಖಾಲಿ ತಂತಿಗಳನ್ನಷ್ಟೇ ಮಿಡಿಯುತ್ತ ಕೂತರು. ಸೊಸೆ ಒಂದು ಜಗ್ಗಿದಳು, ಒಂದು ಜಗ್ಗಿದಳು, ಎರಡು ಜಗ್ಗಿದಳು. ಆಮೇಲೆ ಮೂರು. ಅತ್ತೆ ಹೊರಬಂದು ಬಾಗಿಲು ಹಾಕಿದಳು. ಸೊಸೆ ಮೊದಲ ಸಲ ಮಾತಿನ ಗುಂಡಿಯನ್ನು ತಾನೇ ಒತ್ತಿ, “ನುಡಿಸಿ ಮೇಷ್ಟ್ರೇ,” ಎಂದಳು.

ಮೇಷ್ಟ್ರು ನುಡಿಸಿದರು. ನಡುವೆ ಒಂದು ಕಡೆ ಉಂಗುರಬೆರಳು ತಡವರಿಸಿ ಸ್ವರ ಒಂದು ಕ್ಷಣ ತಡವಾಗಿ ಬಂತು. ಅದೂ ಹಾಗೆಯೇ ಇರಲೆಂದು ಅವಳು ಬಿಟ್ಟಳು. ಕೊನೆಯ ಸ್ವರ ಆಂಪಿನಲ್ಲಿ ಪೂರ್ತಿ ಆರುವವರೆಗೆ ಯಾರೂ ಉಸಿರೆತ್ತಲಿಲ್ಲ. ಪಕ್ಕದ ಗೋಡೆ ಸುಮ್ಮನಿತ್ತು.

ಗಂಡ ಚಹಾ ತಂದಾಗ ಮುಖ ಬಿಳಿಚಿಕೊಂಡಿತ್ತು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಫೋನು. ಬೇರೆ ಸ್ಟುಡಿಯೋದವನೊಬ್ಬ ಫೋಟೋದ ಕೆಳಗೆ ಬರೆದಿದ್ದ: ‘ಸೌಂಡ್ ಸರ್, ನಿಮ್ಮ ಮೈಕು ಆಂಪನ್ನ ಬಿಟ್ಟು ಬಾಗಿಲನ್ನ ಕೇಳ್ತಿದೆಯಲ್ಲ!’ ಅದರ ಕೆಳಗೆ ಸಾಲು ಸಾಲು ನಗುವವರು. ಎಲ್ಲರೂ ಇದೇ ಕಸುಬಿನವರು. ಅವನು ತಟ್ಟೆ ಇಟ್ಟು ಅವಸರದಲ್ಲಿ ಫೋಟೋ ಅಳಿಸಲು ಹೊರಟ. ಅವಳು ಫೋನಿನ ಮೇಲೆ ಕೈ ಮುಚ್ಚಿದಳು.

“ಅಳಿಸ್ಬೇಡಿ,” ಎಂದಳು. “ಏಳು ವರ್ಷದಲ್ಲಿ ನೀವು ನಿಮ್ಮ ಕೈಯಾರೆ ಇಟ್ಟಿರೋ ಮೈಕು ಅದೊಂದೇ. ಅದು ನಿಮ್ಮ ಹೆಸರಲ್ಲೇ ಇರ್ಲಿ.”